ಟ್ಯಾಂಕಿನ ಬಾಯಿಯ ಗರಿಕೆ

"ಈ ಹುಲ್ಲು ನಿಮ್ಮ ಟ್ಯಾಂಕಿನ ಬಾಯಿಗೆ ಹೆಂಗೆ ಬಂತು, ಮಹೇಂದ್ರ?"

ಪತ್ತೇದಾರಿ ಯಶೋಧಾ ಸಣ್ಣದೊಂದು ಪ್ಲಾಸ್ಟಿಕ್ ಕವರನ್ನು ಮೇಜಿನ ಮೇಲೆ ಎಸೆದಳು. ಒಳಗೆ ಬೆರಳುದ್ದದ ಗರಿಕೆ ಎಳೆ. ಒಣಗಿ ಕಂದಿತ್ತು. ಆದರೂ ಅದು ಗರಿಕೆಯೆಂದು ಹೇಳಲು ಯಾವ ಲ್ಯಾಬೂ ಬೇಕಿರಲಿಲ್ಲ.

ಕಾರ್ಖಾನೆಯ ಮ್ಯಾನೇಜರ್ ಮಹೇಂದ್ರ ಕವರನ್ನು ಮುಟ್ಟಲಿಲ್ಲ. ಕನ್ನಡಕ ತೆಗೆದ, ಒರೆಸಿದ, ಮತ್ತೆ ಹಾಕಿಕೊಂಡ.

"ಗಾಳಿಗೆ ಬಂದಿರ್ಬೇಕು ಮೇಡಮ್."

ಯಶೋಧಾಳ ಮೈಯೆಲ್ಲ ಉರಿಯಿತು. ಅವತ್ತು ಬೆಳಿಗ್ಗೆ ಇದೇ ಮನುಷ್ಯ ಅವಳ ತಲೆಗೆ ಟೋಪಿ ಹಾಕಿಸಿ, ಕೈಗೆ ಗ್ಲೌಸು ತೊಡಿಸಿ, ಹಣೆಯ ಕುಂಕುಮವನ್ನೂ ಒರೆಸಿಸಿ, ಎರಡೆರಡು ಬಾಗಿಲು ದಾಟಿಸಿ ಟ್ಯಾಂಕಿನ ಕೋಣೆಗೆ ಕರೆದುಕೊಂಡು ಹೋಗಿದ್ದ. ಇಲ್ಲಿ ಉಸಿರಾಡುವ ಗಾಳಿಯನ್ನೂ ಸೋಸಿಯೇ ಬಿಡುತ್ತೇವೆ ಎಂದು ಜಂಬ ಕೊಚ್ಚಿದ್ದ. ಈಗ ಅದೇ ಸೋಸಿದ ಗಾಳಿ ಗರಿಕೆಯನ್ನು ಹೊತ್ತು ತಂದಿತಂತೆ.

ಕ್ಷೀರಸಾರ ಬಯೋಟೆಕ್‌ನ ವಿಜ್ಞಾನಿ ಶಶಿಕಿರಣ್ ಸತ್ತಿದ್ದ, ಅವನ ಟ್ಯಾಂಕೂ ಹಾಳಾಗಿತ್ತು, ಎರಡನ್ನೂ ಲ್ಯಾಬಿನ ಹುಡುಗಿ ಇಕ್ರಾಳ ತಲೆಗೆ ಕಟ್ಟಿ ಪೊಲೀಸರು ಅವಳನ್ನು ಜೈಲಿಗೆ ಕಳಿಸಿದ್ದರು. ಮಧ್ಯಾಹ್ನ ರಾಮನಗರದ ಕೋರ್ಟಿನಲ್ಲಿ ಅವಳ ಜಾಮೀನು ಅರ್ಜಿ. ಅಷ್ಟರೊಳಗೆ ಯಶೋಧಾ ಗಟ್ಟಿಯಾದದ್ದೇನನ್ನಾದರೂ ವಕೀಲರ ಕೈಗೆ ಕೊಡದಿದ್ದರೆ ಹುಡುಗಿ ಮತ್ತೆ ಒಳಗೆ.

ಹೊರಗೆ ವರಾಂಡದ ಬೆಂಚಿನ ಮೇಲೆ ಇಕ್ರಾಳ ತಂದೆ ಹಬೀಬ್ ಸಾಹೇಬರು ಕಾಯುತ್ತ ಕೂತಿದ್ದರು. ಚನ್ನಪಟ್ಟಣದಲ್ಲಿ ಮರದ ಗೊಂಬೆಗೆ ಅರಗಿನ ಬಣ್ಣ ಹಾಕುವ ಕೆಲಸ ಅವರದು. ಯಶೋಧಾಳ ಆಫೀಸಿರುವುದು ಅವರು ಮಾಲು ಹಾಕುವ ಗೊಂಬೆ ಅಂಗಡಿಯ ಮಹಡಿಯಲ್ಲೇ. ಪೊಲೀಸ್ ಕೆಲಸ ಬಿಟ್ಟು ಬಂದು ಅವಳು ಅಲ್ಲಿ ಬೋರ್ಡು ಹಾಕಿದ ದಿನದಿಂದ ಇಬ್ಬರಿಗೂ ಪರಿಚಯ. ಮಗಳು ಸಿಕ್ಕಿಬಿದ್ದ ಮೇಲೆ ಸಾಹೇಬರ ಬಾಯಿಂದ ಮಾತೇ ಹೊರಡುತ್ತಿರಲಿಲ್ಲ. ಅವರ ಪಾಲಿನ ಸಿಟ್ಟನ್ನೂ ಯಶೋಧಾಳೇ ಹೊತ್ತುಕೊಂಡಿದ್ದಳು. ಅವಳಿಗೆ ಅದೇನೂ ಭಾರ ಅನ್ನಿಸಿರಲಿಲ್ಲ. ಸಿಟ್ಟಿಗೆ ಅವಳಲ್ಲಿ ಎಂದೂ ಬರ ಇರಲಿಲ್ಲ. ಇಲಾಖೆ ಬಿಟ್ಟದ್ದೂ ಅದರ ದೆಸೆಯಿಂದಲೇ.

"ಗಾಳಿ ಅಂದ್ರಾ?" ಎಂದಳು. "ಸರಿ. ಬೆಂಗಳೂರಿನ ಲ್ಯಾಬಿನೋರಿಗೆ ಇದು ಸಿಕ್ಕಿದ್ದು ಎಲ್ಲಿ ಅಂತ ಕೇಳಲ್ವಾ?"

"ಎಲ್ಲಿ?"

"ಬ್ಯಾಕ್ಟೀರಿಯಾದ ಬೀಜ ಹಾಕೋ ಬಾಯಿಗೆ ಒಂದು ಮುಚ್ಚಳ ಐತಲ್ಲ, ಅದರ ರಬ್ಬರ್ ಬಳೆಯ ಸಂದೀಲಿ. ಗಾಳಿ ಬಂದು ಮುಚ್ಚಳ ತಿರುಗಿಸಿ, ಹುಲ್ಲು ಒಳಗಿಟ್ಟು, ಮತ್ತೆ ಬಿಗಿ ಮಾಡಿ ಹೋಯ್ತಾ?"

ಮಹೇಂದ್ರ ಕುರ್ಚಿಯನ್ನು ಮೇಜಿನಿಂದ ಹಿಂದಕ್ಕೆ ಸರಿಸಿದ.

ಆ ಟ್ಯಾಂಕಿನ ಕಥೆ ತಿಳಿದುಕೊಳ್ಳಲು ಯಶೋಧಾಳಿಗೆ ಸಾಕುಬೇಕಾಗಿತ್ತು. ತಾಯಿಯ ಹಾಲಿನಲ್ಲಿ ಒಂದು ಬಗೆಯ ಸಕ್ಕರೆ ಇರುತ್ತದೆ. ಅದು ಮಗುವಿಗೆ ಜೀರ್ಣವಾಗುವುದಿಲ್ಲ, ಆದರೆ ಮಗುವಿನ ಹೊಟ್ಟೆಯ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಅದೇ ಊಟ. ಹಸುವಿನ ಹಾಲಿನಲ್ಲಿ ಅದು ಇಲ್ಲವೆಂದರೂ ಸರಿ. ಶಶಿಕಿರಣ್ ಒಂದು ಬ್ಯಾಕ್ಟೀರಿಯಾದ ವಂಶವಾಹಿಯನ್ನು ತಿದ್ದಿ, ಅದರ ಕೈಲಿ ಆ ಸಕ್ಕರೆ ಮಾಡಿಸುತ್ತಿದ್ದ. ಟ್ಯಾಂಕಿಗೆ ಬೆಲ್ಲದ ನೀರಿನಂಥ ಆಹಾರ ತುಂಬಿ ಬ್ಯಾಕ್ಟೀರಿಯಾದ ಬೀಜ ಹಾಕಿದರೆ, ಅದು ತಿಂದು ಬೆಳೆದು ತಾಯಿಹಾಲಿನ ಸಕ್ಕರೆ ಬಿಡುತ್ತಿತ್ತು. ಹಸುಗೂಸುಗಳ ಹಾಲಿನ ಪುಡಿಗೆ ಬೆರೆಸಲು.

ಇಕ್ರಾ ಆ ಬೀಜವನ್ನು ಸಾಕುವ ಹುಡುಗಿ. ಪೇಟೆಂಟಿನ ಅರ್ಜಿಯಲ್ಲಿ ಅವಳ ಹೆಸರು ಬಿಟ್ಟುಹೋಗಿದೆ ಎಂದು ಶಶಿಕಿರಣನ ಜೊತೆ ಜಗಳವಾಡಿದ್ದಳು. ಪೊಲೀಸರಿಗೆ ಅಷ್ಟು ಸಾಕಾಯಿತು. ಶುಕ್ರವಾರ ಅವನನ್ನು ಸ್ಟೋರಿನ ಮೆಟ್ಟಿಲಿಂದ ನೂಕಿ, ಹೊಟ್ಟೆಕಿಚ್ಚಿಗೆ ಟ್ಯಾಂಕಿಗೂ ಚರಂಡಿ ನೀರು ಸುರಿದಳು ಎಂದು ಬರೆದುಕೊಂಡರು. ದೂರು ಕೊಟ್ಟವನು ಇದೇ ಮಹೇಂದ್ರ.

"ಟ್ಯಾಂಕಿನ ಬ್ಯಾಕ್ಟೀರಿಯಾ ಎಲ್ಲಾ ಯಾವುದರಿಂದ ಸತ್ತಿದ್ದು ಅಂತ ಬೆಂಗಳೂರಿನ ಲ್ಯಾಬು ಹೇಳೈತೆ," ಎಂದಳು ಯಶೋಧಾ. "ಫೇಜ್ ಅಂತ. ಬ್ಯಾಕ್ಟೀರಿಯಾನೇ ತಿಂದು ಬದುಕೋ ವೈರಸ್ಸು. ಬಂದದ್ದು ಹಸುವಿನ ಕೊಟ್ಟಿಗೆಯಿಂದ. ಚರಂಡಿಯಿಂದಲ್ಲ."

"ಇಕ್ರಾ ಕೊಟ್ಟಿಗೆಯಿಂದ ತಂದಿರಬಹುದಲ್ಲ."

"ತಂದು, ಗರಿಕೆ ಅದ್ದಿ ಚಿಮುಕಿಸಿದ್ಲಾ? ಹಬೀಬ್ ಸಾಹೇಬರ ಮಗಳು ಗಂಜಲ ಹಿಡ್ಕೊಂಡು ಕಾರ್ಖಾನೆಗೆ ಪುಣ್ಯಾಹ ಮಾಡಿದ್ಲು ಅಂತೀರಾ?"

ಮಹೇಂದ್ರ ಮತ್ತೆ ಕನ್ನಡಕ ತೆಗೆದ.

"ಮಾಲೀಕರನ್ನ ಕೇಳಿ," ಎಂದ. "ಆ ಕೋಣೆ ಕೀಲಿ ಅವರ ಹತ್ರನೂ ಐತೆ."

"ಕೇಳ್ಕೊಂಡೇ ಬಂದಿದ್ದೀನಿ."

ಬೆಳಿಗ್ಗೆ ಮೊದಲು ಅವಳು ಹೋದದ್ದೇ ಮಾಲೀಕ ಉದಯಶಂಕರ್ ಹತ್ತಿರ. ಗರಿಕೆ ತೋರಿಸಿದಾಗ ಅವರು ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲಿನ ಲಿಂಗದ ಕರಡಿಗೆಯನ್ನು ತೋರಿಸಿದ್ದರು. "ಲಿಂಗ ಕಟ್ಕೊಂಡೋರಿಗೆ ಸೂತಕ ಇಲ್ಲ ಕಣಮ್ಮ. ನಮ್ಮಪ್ಪ ಚನ್ನಲಿಂಗಪ್ಪನೋರು ಹೋದ ದಿನಾನೂ ನಮ್ಮನೇಲಿ ಪೂಜೆ ನಿಲ್ಲಿಸ್ಲಿಲ್ಲ, ಗಂಜಲ ಚಿಮುಕಿಸ್ಲಿಲ್ಲ. ನಾನ್ಯಾಕೆ ಆ ಕೆಲಸ ಮಾಡ್ಲಿ?" ಎಂದಿದ್ದರು. ಸೋಮವಾರ ಹಾಲಿನ ಪುಡಿ ಕಂಪನಿಯವರು ಟ್ಯಾಂಕ್ ನೋಡಲು ಬರುವವರಿದ್ದರು, ಅದನ್ನು ಸುರು ಮಾಡುವ ಜವಾಬ್ದಾರಿ ಪೂರ್ತಿ ಮಹೇಂದ್ರನದು ಎಂದೂ ಹೇಳಿದ್ದರು.

ಸಾವಿನ ಮೈಲಿಗೆ ಕಳೆಯಲು ಗಂಜಲ ಹಿಡಿಯುವವನು ಬೇರೆಯೇ ಮನೆಯವನಾಗಿರಬೇಕು ಎಂದು ಯಶೋಧಾಳಿಗೆ ಆಗಲೇ ಹೊಳೆದಿತ್ತು. ಮಾಗಡಿ ಕಡೆಯ ಗುಡೇಮಾರನಹಳ್ಳಿಯಲ್ಲಿ ಮಹೇಂದ್ರನ ತಾಯಿ ಚಿನ್ನಮ್ಮ ಈಗಲೂ ಎರಡು ಹಸು ಕಟ್ಟಿಕೊಂಡಿದ್ದರು. ಪ್ರತಿ ಸಲ ಹೊಸ ಬೀಜ ಹಾಕುವ ಮೊದಲು ಟ್ಯಾಂಕಿಗೆ ಹೊರಗಿಂದ ಅರಿಶಿನ ಕುಂಕುಮ ಹಚ್ಚಿ, ಊದುಬತ್ತಿ ಬೆಳಗುವ ಪದ್ಧತಿಯೂ ಇವನೇ ತಂದದ್ದು. ಅದರಲ್ಲಿ ತಪ್ಪೇನಿಲ್ಲ. ಹೊರಗೇ ನಿಂತಿದ್ದರೆ ತಪ್ಪೇನೂ ಆಗುತ್ತಿರಲಿಲ್ಲ.

"ಮಹೇಂದ್ರ, ನಿಮ್ಮಮ್ಮ ಕೊಟ್ಟ ಗಂಜಲದ ಬಾಟ್ಲಿ ಕಾರಿನಲ್ಲೇ ಇರುತ್ತೆ. ಡ್ರೈವರು ಹೇಳ್ದ."

ಮಹೇಂದ್ರ ಕೈಚೌಕ ತೆಗೆದು ಕತ್ತು ಒರೆಸಿಕೊಂಡ. ಆಮೇಲೆ ಒಮ್ಮೆಲೇ ಹಗುರಾದವನಂತೆ ಕುರ್ಚಿಗೆ ಒರಗಿದ.

"ಆಯ್ತು, ಚಿಮುಕಿಸ್ದೆ. ಅದೇನು ಕೊಲೆನಾ? ಹೆಣ ಬಿದ್ದಿದ್ದ ಜಾಗ. ಕೆಲಸದೋರು ಒಳಕ್ಕೆ ಕಾಲಿಡಲ್ಲ ಅಂದ್ರು. ಶನಿವಾರ ಹೆಣ ಸಾಗಿಸಿದ ಮೇಲೆ ಎಲ್ಲಾ ಕಡೆ ಒಸಿ ಚಿಮುಕಿಸ್ದೆ. ಟ್ಯಾಂಕಿನ ಬಾಯಿಗೂ ಒಂದು ತೊಟ್ಟು ಬಿಟ್ಟೆ. ಮನೇಲಿ ಬಾವಿಗೆ ಬಿಡಲ್ವಾ? ಹಂಗೆ. ಆಮೇಲೆ ಸ್ಪಿರಿಟ್ ಹಾಕಿ ಒರೆಸ್ದೆ."

"ನೀವು ಓದಿರೋದು ಏನು?"

"ಎಂ.ಟೆಕ್."

"ಯಾವುದರಲ್ಲಿ?"

"ಬಯೋಟೆಕ್ನಾಲಜಿ," ಎಂದ ಮಹೇಂದ್ರ, ನೆಲ ನೋಡುತ್ತ.

ಯಶೋಧಾಳಿಗೆ ನಗು ಬರಬೇಕಿತ್ತು. ಬರಲಿಲ್ಲ. ಈ ಮನುಷ್ಯ ತಾನು ಹಾಕಿದ ತೊಟ್ಟಿನಿಂದಲೇ ಟ್ಯಾಂಕು ಸತ್ತಿದ್ದು ಗೊತ್ತಿದ್ದೂ, ಮರ್ಯಾದೆಗೆ ಅಂಜಿ ಒಂದು ಹುಡುಗಿಯನ್ನು ಜೈಲಿಗೆ ತಳ್ಳಿ, ಮನೆಗೆ ಹೋಗಿ ಉಂಡು ಮಲಗಿದ್ದ. ಇಕ್ರಾ ಎಂಬ ಹೆಸರು ಕೇಳಿದರೆ ಸಾಕು, ಪೊಲೀಸರು ಇನ್ನೇನೂ ಕೇಳುವುದಿಲ್ಲವೆಂಬ ಧೈರ್ಯ ಅವನಿಗಿತ್ತು.

"ಶನಿವಾರ ಅಂದ್ರಲ್ಲ, ಅದೂ ಸುಳ್ಳು," ಎಂದಳು.

"ಯಾಕೆ ಸುಳ್ಳು?"

"ಶುಕ್ರವಾರ ರಾತ್ರಿ ಪಾಳಿಗೆ ಬಂದು ಟ್ಯಾಂಕಿಗೆ ಬೀಜ ಹಾಕ್ದೋಳು ಧನಲಕ್ಷ್ಮಿ. ಮುಚ್ಚಳ ಬಿಗಿ ಮಾಡಿದ್ದೂ ಅವಳೇ. ಆಮೇಲೆ ಲ್ಯಾಬಿನೋರು ಬಂದು ಬಿಚ್ಚೋವರೆಗೂ ಅದನ್ನ ಯಾರೂ ಬಿಚ್ಚಿಲ್ಲ. ಶನಿವಾರ ಚಿಮುಕಿಸಿದ ಗರಿಕೆ ಶುಕ್ರವಾರ ಮುಚ್ಚಿದ ಬಾಯೊಳಕ್ಕೆ ಹೆಂಗೆ ಹೋಗುತ್ತೆ?"

ಮಹೇಂದ್ರ ಮತ್ತೆ ಕೈಚೌಕ ಹುಡುಕಿದ.

"ಇನ್ನೊಂದು ಐತೆ, ಅದನ್ನೂ ಕೇಳಿ. ನಿಮ್ಮ ಕಂಪ್ಯೂಟರಿನಲ್ಲೇ ಇರೋದು. ಬೆಳಗಾಗೋ ಹೊತ್ತಿಗೆ ಟ್ಯಾಂಕು ಉಸಿರಾಡೋದು ನಿಲ್ಲಿಸಿಬಿಟ್ಟಿತ್ತು. ಮಜ್ಜಿಗೆ ಹಂಗೆ ಬೆಳ್ಳಗಿದ್ದದ್ದು ತಿಳಿನೀರಾಗಿತ್ತು. ಗುಡಿಸೋ ಹೆಂಗಸು ಸ್ಟೋರಿಗೆ ಹೋಗಿ ಹೆಣ ನೋಡಿ ಕೂಗಿಕೊಂಡಿದ್ದು ಅದಾದ ಎಷ್ಟೋ ಹೊತ್ತಿಗೆ."

ಅವಳು ಎರಡೂ ಕೈಗಳನ್ನು ಮೇಜಿಗೆ ಊರಿ ಬಗ್ಗಿದಳು.

"ಹೆಣ ಸಿಕ್ಕಿದ್ದು ಶನಿವಾರ. ನೀವು ಸಾವಿನ ಮೈಲಿಗೆ ಕಳೆದದ್ದು ಶುಕ್ರವಾರ. ಒಬ್ಬ ಸತ್ತವ್ನೆ ಅಂತ ಊರಿಗೆಲ್ಲ ಗೊತ್ತಾಗೋಕೆ ಮುಂಚೆ ನಿಮಗೆ ಹೆಂಗ್ರೀ ಗೊತ್ತಾಯ್ತು?"

ಮಹೇಂದ್ರನ ಮುಖದ ಬಣ್ಣ ಇಳಿಯುತ್ತ ಹೋಯಿತು.

"ನಾನು ಕೊಂದಿಲ್ಲ ಮೇಡಮ್. ನಮ್ಮಮ್ಮನ ಆಣೆ."

"ಆ ತಾಯೀನ ಬಿಡಿ. ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು. ಸಾಯಂಕಾಲಾನೇ ಗೊತ್ತಾಯ್ತು. ಪೊಲೀಸಿಗೆ ಹೇಳಿದ್ರೆ ಎಲ್ಲಾ ಸೀಲ್ ಮಾಡ್ತಾರೆ. ಸೋಮವಾರ ಕಂಪನಿಯೋರು ಬರ್ತಾರೆ. ಎರಡು ವರ್ಷದಿಂದ ಕಾದಿದ್ದು. ಒಂದು ರಾತ್ರಿ ತಾನೇ, ಟ್ಯಾಂಕು ಸುರುವಾಗ್ಬಿಡ್ಲಿ, ಬೆಳಿಗ್ಗೆ ಯಾರಾದ್ರೂ ನೋಡ್ತಾರೆ ಅಂತ ಸುಮ್ನಾದೆ. ಆದ್ರೆ ಹೆಣ ಇಟ್ಕೊಂಡು ಬೀಜ ಹಾಕಿಸೋಕೆ ಮನಸ್ಸು ಒಪ್ಪಲಿಲ್ಲ. ಅದಕ್ಕೆ..."

"ಅದಕ್ಕೆ ಗಂಜಲ."

"ಹೂಂ."

"ಕೆಳಗೆ ಇಳಿದು ನೋಡಿದ್ರಾ?"

"ಇಲ್ಲ. ಹೆಣ ಮುಟ್ಟಿದ್ರೆ ಸ್ನಾನ ಮಾಡ್ಬೇಕು. ಸ್ಟೋರಿನ ಬಾಗಿಲಲ್ಲೇ ನಿಂತ್ಕೊಂಡು ಚಿಮುಕಿಸಿ ಬಂದೆ."

ಯಶೋಧಾ ಬ್ಯಾಗಿನಿಂದ ಮರಣೋತ್ತರ ಪರೀಕ್ಷೆಯ ವರದಿಯ ಪ್ರತಿ ತೆಗೆದು ಅವನ ಮುಂದೆ ಹಿಡಿದಳು. ಇಷ್ಟು ಹೊತ್ತು ಅವಳ ದನಿ ಏರಿತ್ತು. ಈಗ ತಗ್ಗಿತು, ಅವಳನ್ನು ಬಲ್ಲವರು ಹೆದರುತ್ತಿದ್ದುದು ಆ ತಗ್ಗಿದ ದನಿಗೆ.

"ಓದಿ. ತಲೆಯೊಳಗೆ ರಕ್ತ ಸೋರಿ ಸತ್ತಿದ್ದಾನೆ. ಬಿದ್ದ ತಕ್ಷಣ ಅಲ್ಲ. ಪ್ರಾಣ ಹೋಗಿರೋದು ಬೆಳಗಿನ ಜಾವದಲ್ಲಿ. ನೀವು ಬಾಗಿಲಲ್ಲಿ ನಿಂತು ಗಂಜಲ ಚಿಮುಕಿಸಿದಾಗ ಶಶಿಕಿರಣ್ ಬದುಕಿದ್ದ."

ಮಹೇಂದ್ರ ಕಾಗದ ನೋಡಿದ. ಅದರಲ್ಲಿ ಬರೆದದ್ದು ಅವನಿಗೆ ಅರ್ಥವಾಗದ ಇಂಗ್ಲಿಷೇನಲ್ಲ.

"ಒಂದು ಆಂಬುಲೆನ್ಸ್ ಕರೆದಿದ್ರೆ ಕನಕಪುರಕ್ಕೋ ರಾಮನಗರಕ್ಕೋ ಸೇರಿಸಬಹುದಿತ್ತು. ಉಸಿರಾಡೋ ಮನುಷ್ಯನಿಗೆ ಸಾವಿನ ಮೈಲಿಗೆ ಕಳೆದ್ರಿ. ರಾತ್ರಿಯೆಲ್ಲ ಅವನು ಅಲ್ಲಿ ಬಿದ್ದಿದ್ದ, ಗೋಡೆ ಆಚೆ ನೀವು ಹಸುಗೂಸುಗಳಿಗೆ ಸಕ್ಕರೆ ಮಾಡಿಸ್ತಾ ಇದ್ರಿ. ಥೂ ನಿಮ್ಮ."

"ಸತ್ತವ್ರೆ ಅಂತ ಹೇಳಿದ್ರು ಮೇಡಮ್," ಎಂದ ಮಹೇಂದ್ರ. ದನಿ ಒಡೆದಿತ್ತು. "ಸತ್ತೋಗವ್ರೆ ಅಂತ್ಲೇ ಹೇಳಿದ್ರು. ನಾನು ನಂಬ್ದೆ."

"ಯಾರು ಹೇಳಿದ್ದು?"

ಅವನು ಜೇಬಿನಿಂದ ಮೊಬೈಲ್ ತೆಗೆದ, ಏನನ್ನೋ ಹುಡುಕಿದ, ಮೇಜಿನ ಮೇಲಿಟ್ಟು ಒತ್ತಿದ.

ಒಂದು ಹೆಣ್ಣುದನಿ ಏದುಸಿರು ಬಿಡುತ್ತ ಮಾತಾಡಿತು.

"ಸರ್, ಶಶಿ ಸರ್ ಸ್ಟೋರಿನ ಮೆಟ್ಟಿಲ ಕೆಳಗೆ ಬಿದ್ದವ್ರೆ. ತಲೇಲಿ ರಕ್ತ. ಎಷ್ಟು ಕರೆದ್ರೂ ಏಳ್ತಿಲ್ಲ. ಸತ್ತೋಗವ್ರೆ ಸರ್. ಬೇಗ ಬನ್ನಿ."

ಯಶೋಧಾ ಪರದೆ ನೋಡಿದಳು. ಮೇಲೆ ಇಕ್ರಾ ಎಂದಿತ್ತು. ಶುಕ್ರವಾರ ಸಂಜೆಯ ಸಂದೇಶ. ಅದರ ಕೆಳಗೆ ಮಹೇಂದ್ರ ಕಳಿಸಿದ ಉತ್ತರ: ಯಾರಿಗೂ ಹೇಳಬೇಡ, ಮನೆಗೆ ಹೋಗು, ನಾನು ನೋಡ್ಕೋತೀನಿ.

ಜೈಲಿನ ಜಾಲರಿಯ ಆಚೆ ನಿಂತು ಇಕ್ರಾ ಯಶೋಧಾಳ ಕಣ್ಣಲ್ಲಿ ಕಣ್ಣಿಟ್ಟು ಹೇಳಿದ್ದಳು: ಶಶಿ ಸರ್ ಸ್ಟೋರಿಗೆ ಹೋಗೋಕೆ ಮುಂಚೆಯೇ ನಾನು ಮನೆಗೆ ಹೊರಟುಬಿಟ್ಟಿದ್ದೆ, ಅವರು ಬಿದ್ದದ್ದು ನನಗೆ ಗೊತ್ತಾಗಿದ್ದೇ ಮಾರನೇ ದಿನ. ಆ ಮಾತಿನ ಮೇಲೆ ಯಶೋಧಾ ಇಷ್ಟು ದಿನ ಓಡಾಡಿದ್ದಳು, ಎಲ್ಲರ ಮೇಲೆ ಹರಿಹಾಯ್ದಿದ್ದಳು, ವಕೀಲರಿಗೆ ಮಾತು ಕೊಟ್ಟಿದ್ದಳು. ಈಗ ಮಹೇಂದ್ರನ ಮೇಲೆ ಇದ್ದ ಸಿಟ್ಟು ಅರ್ಧಕ್ಕರ್ಧ ಜೈಲಿನ ಕಡೆ ತಿರುಗಿತು.

ಬಾಗಿಲ ಬಳಿ ಸದ್ದಾಯಿತು. ಮಗಳ ದನಿ ಕೇಳಿ ಹಬೀಬ್ ಸಾಹೇಬರು ಬೆಂಚಿನಿಂದ ಎದ್ದು ಬಂದಿದ್ದರು. ಬಣ್ಣ ಹತ್ತಿದ ಬೆರಳುಗಳು ಬಾಗಿಲ ಚೌಕಟ್ಟನ್ನು ಹಿಡಿದಿದ್ದವು.

"ಈ ದನಿ ಯಾರದು, ಸಾಹೇಬ್ರೇ?" ಎಂದು ಕೇಳಿದಳು ಯಶೋಧಾ. ಬೇರೆ ಯಾರದೋ ಎಂದು ಅವರು ಹೇಳಿಬಿಡಲಿ ಎಂದು ಅವಳ ಮನಸ್ಸು ಬಯಸಿತು.

"ನನ್ನ ಮಗಳ್ದೇ ಮೇಡಂ."

"ಗೊತ್ತಿತ್ತಾ ನಿಮಗೆ?"

ಅವರ ಕಣ್ಣು ಮೇಜಿನ ಮೇಲಿನ ಮೊಬೈಲ್ ಮೇಲೇ ಇತ್ತು.

ಮಹೇಂದ್ರ ಚೇತರಿಸಿಕೊಂಡಿದ್ದ. ಅವನ ಕಣ್ಣಲ್ಲಿ ಲೆಕ್ಕಾಚಾರ ವಾಪಸ್ಸು ಬಂದಿತ್ತು. "ನೋಡಿ ಮೇಡಮ್, ಇದು ಕೋರ್ಟಿಗೆ ಹೋದ್ರೆ ಹುಡುಗಿ ಕಥೆ ಮುಗೀತು. ಅಲ್ಲೇ ಇದ್ಲು, ನೋಡಿದ್ಲು, ಸುಳ್ಳು ಹೇಳಿದ್ಲು ಅಂತ ಆಗುತ್ತೆ. ನೀವು ಗಂಜಲದ ವಿಷಯ ಬಿಟ್ಬುಡಿ. ನಾನು ಇದನ್ನ ಅಳಿಸ್ಬುಡ್ತೀನಿ. ಬೇಕಾದ್ರೆ ದೂರೂ ವಾಪಸ್ ತಗೋತೀನಿ. ಅವಳ ಮೊಬೈಲಂತೂ ಇನ್ನೂ ಸಿಕ್ಕಿಲ್ಲ. ಯಾರಿಗೂ ಗೊತ್ತಾಗಲ್ಲ."

"ಅಳಿಸ್ಬುಡಿ ಮೇಡಂ," ಎಂದರು ಹಬೀಬ್ ಸಾಹೇಬರು.

ಇಷ್ಟು ದಿನದಲ್ಲಿ ಅವರು ಅವಳಲ್ಲಿ ಏನನ್ನಾದರೂ ಬೇಡಿದ್ದು ಅದೇ ಮೊದಲು. ತಂದೆಯ ಕರುಳು, ಏನು ಬೇಕಾದರೂ ಬೇಡುತ್ತದೆ ಎಂದುಕೊಂಡಳು ಯಶೋಧಾ. ಅವರ ಮುಖ ನೋಡಿದರೆ ಒಪ್ಪಿಬಿಡಬೇಕು ಅನ್ನಿಸಿತು. ಒಂದು ಬೆರಳು ಒತ್ತಿದರೆ ಇಕ್ರಾ ಸಂಜೆಗೆ ಮನೆಯಲ್ಲಿರುತ್ತಾಳೆ. ಆದರೆ ರಾತ್ರಿಯಿಡೀ ಮೆಟ್ಟಿಲ ಕೆಳಗೆ ಬಿದ್ದಿದ್ದವನ ಮುಖವೂ ಕಣ್ಣ ಮುಂದೆ ಬಂತು.

"ನನ್ನ ಮುಂದೆ ಯಾರಾದ್ರೂ ಇದನ್ನ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು. ಯಾರಿಗೆ ಹೇಳಿದಳೋ ಅವಳಿಗೇ ಗೊತ್ತಿರಲಿಲ್ಲ. ಮೊಬೈಲನ್ನು ಎಳೆದುಕೊಂಡಳು.

ಆಗಲೇ ಕಂಡದ್ದು. ಮಹೇಂದ್ರನ ಉತ್ತರದ ಕೆಳಗೆ ಇಕ್ರಾಳ ಇನ್ನೊಂದು ದನಿ ಸಂದೇಶವಿತ್ತು. ಅದನ್ನು ಇದುವರೆಗೂ ಯಾರೂ ಕೇಳಿರಲಿಲ್ಲ.

"ಇದೇನಿದು?"

"ಅಳ್ತಾ ಏನಾದ್ರೂ ಕಳ್ಸಿರ್ತಾಳೆ ಅಂತ ತೆಗೀಲಿಲ್ಲ," ಎಂದ ಮಹೇಂದ್ರ. "ಆಮೇಲೆ ಅವರು ಸತ್ತಿದ್ದು ಎಲ್ಲರಿಗೂ ಗೊತ್ತಾಯ್ತಲ್ಲ. ಕೇಳೋಕೆ ಧೈರ್ಯ ಬರಲಿಲ್ಲ."

ಯಶೋಧಾ ಒತ್ತಿದಳು.

"ಸರ್, ಉಸಿರೈತೆ. ಮೂಗಿನ ಹತ್ರ ಕೈ ಇಟ್ಟು ನೋಡ್ದೆ, ಉಸಿರೈತೆ ಸರ್. ನಾನು ತಪ್ಪು ಹೇಳ್ಬುಟ್ಟೆ. ನಾನು ಮನೆಗೆ ಹೋಗಲ್ಲ. ಆಂಬುಲೆನ್ಸ್ ಕರೀತೀನಿ, ನೀವೂ ಬೇಗ..."

ಮಾತು ನಿಂತಿತು. ಮೆಟ್ಟಿಲ ಮೇಲೆ ಯಾರೋ ಇಳಿದು ಬರುವ ಸಪ್ಪಳ. ಹುಡುಗಿಯ ದನಿ ಬದಲಾಯಿತು, ಭಾಷೆಯೂ ಬದಲಾಯಿತು.

"ಅಬ್ಬಾಜಾನ್? ತುಮೆ ಯಾಂ ಕೈಕು ಆಯೆ?"

ಅಲ್ಲಿಗೆ ಸಂದೇಶ ಮುಗಿದಿತ್ತು.

ಚನ್ನಪಟ್ಟಣದಲ್ಲಿ ಹುಟ್ಟಿ ಬೆಳೆದ ಯಶೋಧಾಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ನೀವ್ಯಾಕೆ ಇಲ್ಲಿಗೆ ಬಂದ್ರಿ ಎಂದು ಮಗಳು ಅಪ್ಪನನ್ನು ಕೇಳಿದ್ದಳು. ಆ ರಾತ್ರಿ ಆಂಬುಲೆನ್ಸ್ ಮಾತ್ರ ಬಂದೇ ಇರಲಿಲ್ಲ.

ಅವಳು ನಿಧಾನವಾಗಿ ತಿರುಗಿದಳು. ಹಬೀಬ್ ಸಾಹೇಬರು ಒಳಗೆ ಬಂದು ಬಾಗಿಲು ಮುಚ್ಚುತ್ತಿದ್ದರು. ಚಿಲಕ ಹಾಕಿ, ಅದಕ್ಕೇ ಬೆನ್ನು ಕೊಟ್ಟು ನಿಂತರು.

"ನನ್ನ ಮಗಳು ನಿಮ್ಮ ಹತ್ರ ಒಂದೂ ನಿಜ ಹೇಳಿಲ್ಲ ಮೇಡಂ," ಎಂದರು. "ನಾನೇ ಬ್ಯಾಡ ಅಂದಿದ್ದೆ."